ಯಾರು ಯಾವ ಸಾಲಿನಲ್ಲಿ ಕೂತರು: ಆಸ್ಟ್ರೇಲಿಯಾದ ಆಶ್ರಯ ವೀಸಾ ಮತ್ತು ಸಂಸದರ ಮತದಾಖಲೆ

ದೋಣಿಯಲ್ಲಿ ಬಂದು ಆಶ್ರಯ ಕೇಳಿದವರಿಗೆ ಎಂಥ ವೀಸಾ ಕೊಡಬೇಕು ಎಂಬ ಪ್ರಶ್ನೆ ಆಸ್ಟ್ರೇಲಿಯಾದ ರಾಜಕಾರಣವನ್ನು ಕಾಲು ಶತಮಾನದಿಂದ ಬಿಟ್ಟಿಲ್ಲ. ಒಂದು ಸರ್ಕಾರ ಮೂರು ವರ್ಷದ ತಾತ್ಕಾಲಿಕ ವೀಸಾ ತಂದಿತು, ಇನ್ನೊಂದು ಅದನ್ನು ತೆಗೆಯಿತು, ಮತ್ತೊಂದು ಹಟ ಹಿಡಿದು ವಾಪಸು ತಂದಿತು, ಈಗಿನದು ಅದಕ್ಕೆ ಮತ್ತೆ ತೆರೆ ಎಳೆಯಿತು. ಈ ಏರಿಳಿತದ ನಡುವೆ ಯಾರು ಯಾವತ್ತು ಯಾವ ಕಡೆ ಮತ ಹಾಕಿದರು ಎಂಬ ಲೆಕ್ಕ ಇಡುವುದೂ ಒಂದು ಕಸುಬಾಗಿ ಬೆಳೆದಿದೆ. ಓಪನ್ ಆಸ್ಟ್ರೇಲಿಯಾ ಫೌಂಡೇಷನ್ ಎಂಬ ಸಂಸ್ಥೆ ‘ದೇ ವೋಟ್ ಫಾರ್ ಯು’ ಹೆಸರಿನಲ್ಲಿ ಪ್ರತಿಯೊಬ್ಬ ಸಂಸದರ ಮತಗಳನ್ನು ವಿಷಯವಾರು ಪೋಣಿಸಿ, ಇವರು ಇದರ ಪರ, ಅವರು ಅದರ ವಿರುದ್ಧ ಎಂದು ಪಟ್ಟಿ ಕೊಡುತ್ತದೆ. ಮುಖ್ಯವೆನಿಸಿದ ಮತಕ್ಕೆ ಹೆಚ್ಚು ಅಂಕ, ಉಳಿದದ್ದಕ್ಕೆ ಕಡಿಮೆ, ಗೈರಾದರೆ ಅರೆಬರೆ. ಎಲ್ಲವನ್ನೂ ಕೂಡಿಸಿ ಒಂದು ತೀರ್ಪು.

ಕೂಡುವ ಕಳೆಯುವ ಲೆಕ್ಕದಲ್ಲಿ ಈ ಪಟ್ಟಿಗಳಲ್ಲಿ ತಪ್ಪಿಲ್ಲ. ಬಚ್ಚಿಟ್ಟದ್ದೂ ಏನಿಲ್ಲ, ಮೂಲವೆಲ್ಲ ಹ್ಯಾನ್ಸಾರ್ಡ್, ಅಂದರೆ ಸದನದ ಅಧಿಕೃತ ವರದಿ. ಆದರೆ ಆಶ್ರಯ ವೀಸಾದ ಇತಿಹಾಸವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದೊಡ್ಡ ತಿರುವುಗಳಲ್ಲಿ ಹೆಚ್ಚಿನವು ಮತಕ್ಕೆ ಬಂದೇ ಇಲ್ಲ. ಮತಕ್ಕೆ ಬಂದವುಗಳಲ್ಲಿ ಬಹುಪಾಲು ಸಂಸದರು ತಮ್ಮ ಪಕ್ಷದ ಹೆಸರನ್ನೇ ಇನ್ನೊಮ್ಮೆ ಹೇಳಿದ್ದಾರೆ, ಅಷ್ಟೆ. ನಿಜವಾಗಿ ಓದಬೇಕಾದ ಮತಗಳು ಬೆರಳೆಣಿಕೆಯವು, ಮತ್ತು ಅವುಗಳಲ್ಲೇ ಅಂಕದ ಪಟ್ಟಿ ಹೆಚ್ಚು ಎಡವುತ್ತದೆ.

ಮೊದಲು ಮತ ದಾಖಲಾಗುವ ಬಗೆ. ಕ್ಯಾನ್‌ಬೆರಾದ ಕೆಳಮನೆಯಲ್ಲಿ ಸ್ಪೀಕರ್ ‘ಹೌದು’, ‘ಇಲ್ಲ’ ಎಂಬ ಕೂಗು ಕೇಳಿ ಫಲಿತಾಂಶ ಹೇಳುತ್ತಾರೆ. ಅದಕ್ಕೆ ಒಪ್ಪದವರು ಮತವಿಭಜನೆ ಕೇಳಿದರೆ ಸಂಸತ್ ಭವನದ ತುಂಬ ಗಂಟೆ ಬಾರಿಸುತ್ತದೆ. ಕೋಣೆ, ಕ್ಯಾಂಟೀನು, ಪಡಸಾಲೆಗಳಲ್ಲಿದ್ದವರು ಓಡಿ ಬರಲು ನಾಲ್ಕು ನಿಮಿಷ. ಸದನದ ಮೇಜಿನ ಮೇಲೆ ಮರಳಿನ ಗಡಿಯಾರ ಇವತ್ತಿಗೂ ಇದೆ. ಮರಳು ಇಳಿದ ಮೇಲೆ ಬಾಗಿಲು ಹಾಕುತ್ತಾರೆ. ಪರ ಇರುವವರು ಸ್ಪೀಕರ್ ಬಲಕ್ಕೆ, ವಿರೋಧಿಸುವವರು ಎಡಕ್ಕೆ ಹೋಗಿ ಕೂರುತ್ತಾರೆ. ಎರಡೂ ಕಡೆಯ ಎಣಿಕೆದಾರರು ತಲೆ ಎಣಿಸಿ ಹೆಸರು ಬರೆದುಕೊಳ್ಳುತ್ತಾರೆ. ಗುಂಡಿ ಒತ್ತುವ ಯಂತ್ರವಿಲ್ಲ. ಪಕ್ಷ ಬಿಟ್ಟು ಮತ ಹಾಕುವವರು ಎಲ್ಲರ ಕಣ್ಣೆದುರು ಎದ್ದು, ನಡುವಿನ ಜಾಗ ದಾಟಿ, ನಿನ್ನೆಯವರೆಗೆ ಎದುರಾಳಿಗಳಾಗಿದ್ದವರ ಪಕ್ಕ ಕೂರಬೇಕು.

ಯಾರೂ ಮತವಿಭಜನೆ ಕೇಳದಿದ್ದರೆ ಹೆಸರೇ ಇಲ್ಲ. ಧ್ವನಿಮತದಲ್ಲಿ ಮಸೂದೆ ಪಾಸು. ಎರಡೂ ದೊಡ್ಡ ಪಕ್ಷಗಳು ಒಪ್ಪಿದ ಕಾನೂನುಗಳಲ್ಲಿ ಹೀಗಾಗುವುದು ಸಾಮಾನ್ಯ. ಒಂದು ಕಡೆ ನಾಲ್ಕೋ ಅದಕ್ಕಿಂತ ಕಡಿಮೆಯೋ ಜನ ಇದ್ದರೆ ಕೆಳಮನೆಯಲ್ಲಿ ಪೂರ್ತಿ ಎಣಿಕೆಯೂ ನಡೆಯುವುದಿಲ್ಲ. ಆ ಕೆಲವರ ಹೆಸರನ್ನು ಮಾತ್ರ ಬರೆದುಕೊಂಡು ಮುಂದೆ ಹೋಗುತ್ತಾರೆ. ಗೈರಿನ ಕಥೆಯೂ ನೇರವಲ್ಲ. ಆಡಳಿತ ಪಕ್ಷದ ಒಬ್ಬರಿಗೆ ಹುಷಾರಿಲ್ಲದಿದ್ದರೆ ವಿರೋಧ ಪಕ್ಷದ ಒಬ್ಬರೂ ಹೊರಗುಳಿಯುವ ‘ಜೋಡಿ’ ಒಪ್ಪಂದ ಅಲ್ಲಿ ಹಳೆಯ ರೂಢಿ. ಆಸ್ಪತ್ರೆಯಲ್ಲಿ ಮಲಗಿದವರು, ಅವರಿಗೆ ಜೋಡಿಯಾಗಿ ಹೊರಗೆ ನಿಂತವರು, ಮನಸ್ಸಾಕ್ಷಿ ಒಪ್ಪದೆ ತಪ್ಪಿಸಿಕೊಂಡವರು, ಮೂವರಿಗೂ ಅಂಕದ ಪಟ್ಟಿಯಲ್ಲಿ ಒಂದೇ ಹಣೆಪಟ್ಟಿ.

ಇನ್ನು ಪಕ್ಷದ ಹಿಡಿತ. ವಿಪ್ ಏನೆಂದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದಾಗ, ಹದಿನೇಳು ಶಾಸಕರು ಅನರ್ಹರಾದಾಗ ಮನೆಮನೆಯಲ್ಲೂ ಅದೇ ಮಾತಿತ್ತು. ನಮ್ಮಲ್ಲಿ ಹತ್ತನೇ ಶೆಡ್ಯೂಲ್ ಇರುವುದರಿಂದ ವಿಪ್ ಮೀರಿದರೆ ಸ್ಥಾನವೇ ಹೋಗಬಹುದು. ಆಸ್ಟ್ರೇಲಿಯಾದಲ್ಲಿ ಅಂಥ ಕಾನೂನಿಲ್ಲ, ಪಕ್ಷಗಳ ಕಟ್ಟಳೆ ಇದೆ. ಲೇಬರ್ ಪಕ್ಷದಲ್ಲಿ ಕಾಕಸ್, ಅಂದರೆ ಅದರ ಸಂಸದರ ಸಭೆ, ತೀರ್ಮಾನಿಸಿದ ಮೇಲೆ ಎಲ್ಲರೂ ಅದರಂತೆ ಮತ ಹಾಕುತ್ತೇವೆಂದು ಬರೆದುಕೊಟ್ಟಿರುತ್ತಾರೆ. 2024ರ ಜೂನ್‌ನಲ್ಲಿ ಸೆನೆಟರ್ ಫಾತಿಮಾ ಪೇಮನ್ ಪ್ಯಾಲೆಸ್ಟೀನ್ ವಿಷಯದಲ್ಲಿ ಅದನ್ನು ಮೀರಿದರು. ಕೆಲವೇ ದಿನಗಳಲ್ಲಿ ಪಕ್ಷದಿಂದ ಹೊರಬಂದರು. ಅಫ್ಘಾನಿಸ್ತಾನದಿಂದ ದೋಣಿಯಲ್ಲಿ ಬಂದ ನಿರಾಶ್ರಿತರೊಬ್ಬರ ಮಗಳು ಆಕೆ. ಲಿಬರಲ್ ಪಕ್ಷದ ಹಿಂಬದಿಯ ಸಾಲಿನವರಿಗೆ ಕಾಗದದ ಮೇಲಾದರೂ ಸ್ವಾತಂತ್ರ್ಯವಿದೆ. ಹಾಗಾಗಿ ಲೇಬರ್ ಸಂಸದರೊಬ್ಬರ ‘ಪರ’ ಮತವನ್ನೂ ಲಿಬರಲ್ ಸಂಸದರೊಬ್ಬರ ‘ಪರ’ ಮತವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ತೂಕ ಸರಿಬರುವುದಿಲ್ಲ. ಲೇಬರ್‌ನವರ ಭಿನ್ನಮತ ಕಾಕಸ್ಸಿನ ಮುಚ್ಚಿದ ಬಾಗಿಲ ಹಿಂದೆಯೇ ತೀರಿಹೋಗಿರುತ್ತದೆ.

ಈಗ ವೀಸಾದ ಕಥೆಗೆ. 1992ರಲ್ಲಿ ಕೀಟಿಂಗ್ ಅವರ ಲೇಬರ್ ಸರ್ಕಾರ, ದೋಣಿಯಲ್ಲಿ ಬಂದವರನ್ನು ಕಡ್ಡಾಯವಾಗಿ ಬಂಧನದಲ್ಲಿಡುವ ಕಾನೂನು ತಂದಿತು; ಲಿಬರಲ್–ನ್ಯಾಷನಲ್ ಒಕ್ಕೂಟ ಅದಕ್ಕೆ ಒಪ್ಪಿತ್ತು. ಆದರೆ ಒಮ್ಮೆ ನಿರಾಶ್ರಿತರೆಂದು ಮಾನ್ಯವಾದರೆ ಶಾಶ್ವತ ವೀಸಾ ಸಿಗುತ್ತಿತ್ತು. 1998ರ ಹೊತ್ತಿಗೆ ಪಾಲಿನ್ ಹ್ಯಾನ್ಸನ್ ಅವರ ಒನ್ ನೇಷನ್ ಪಕ್ಷ, ತಾತ್ಕಾಲಿಕ ಆಶ್ರಯ ಸಾಕು ಎಂದು ಬೊಬ್ಬೆ ಹಾಕುತ್ತಿತ್ತು. ಹಾವರ್ಡ್ ಸರ್ಕಾರ ಆಗ ಅದನ್ನು ತಳ್ಳಿಹಾಕಿತು. ಮರುವರ್ಷ, 1999ರ ಅಕ್ಟೋಬರ್‌ನಲ್ಲಿ, ಅದೇ ಸರ್ಕಾರದ ವಲಸೆ ಸಚಿವ ಫಿಲಿಪ್ ರಡಾಕ್ ತಾತ್ಕಾಲಿಕ ರಕ್ಷಣಾ ವೀಸಾ (ಟಿಪಿವಿ) ಜಾರಿಗೆ ತಂದರು. ಮೂರು ವರ್ಷದ ಅವಧಿ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕಿಲ್ಲ. ದೇಶ ಬಿಟ್ಟು ಹೋದರೆ ವಾಪಸು ಬರುವಂತಿಲ್ಲ. ಇಷ್ಟು ದೊಡ್ಡ ಬದಲಾವಣೆ ಬಂದದ್ದು ಮಸೂದೆಯಾಗಿ ಅಲ್ಲ, ನಿಯಮಾವಳಿಯ ತಿದ್ದುಪಡಿಯಾಗಿ. ಎರಡೂ ಸದನಗಳಲ್ಲಿ ಮೂರು ಓದು, ಚರ್ಚೆ, ಮತ ಯಾವುದೂ ಅದಕ್ಕೆ ಬೇಕಿರಲಿಲ್ಲ. ವಿರೋಧ ಪಕ್ಷದಲ್ಲಿದ್ದ ಲೇಬರ್ ಅದನ್ನು ತಡೆಯಲೂ ಇಲ್ಲ.

ಆ ವೀಸಾದ ಒಂದು ಷರತ್ತು ಏನು ಮಾಡಿತು ಎಂಬುದಕ್ಕೆ 2001ರ ಅಕ್ಟೋಬರ್ 19ರ ಘಟನೆ ನೋಡಬೇಕು. ಇಂಡೊನೇಷ್ಯಾದಿಂದ ಕ್ರಿಸ್‌ಮಸ್ ದ್ವೀಪದತ್ತ ಹೊರಟಿದ್ದ, ಮುಂದೆ ‘ಸೀವ್ ಎಕ್ಸ್’ ಎಂದು ಹೆಸರಾದ, ಕಿಕ್ಕಿರಿದ ದೋಣಿ ಮುಳುಗಿ 353 ಮಂದಿ ಸತ್ತರು. ಅವರಲ್ಲಿ 146 ಮಕ್ಕಳು, 142 ಹೆಂಗಸರು, 65 ಗಂಡಸರು. ಈ ಅನುಪಾತವೇ ಮಾತಾಡುತ್ತದೆ. ಅವರಲ್ಲಿ ಎಷ್ಟೋ ಜನರ ಗಂಡ ಅಥವಾ ತಂದೆ ಆಗಲೇ ಆಸ್ಟ್ರೇಲಿಯಾದಲ್ಲಿ ಟಿಪಿವಿ ಮೇಲೆ ಇದ್ದರು. ಕರೆಸಿಕೊಳ್ಳುವ ದಾರಿ ಮುಚ್ಚಿದ್ದರಿಂದ ಮನೆಮಂದಿ ಕಳ್ಳದೋಣಿ ಹತ್ತಿದ್ದರು. ಮೂವರು ಪುಟ್ಟ ಹೆಣ್ಣುಮಕ್ಕಳು ನೀರುಪಾಲಾದ ಒಬ್ಬ ತಂದೆ ಸಿಡ್ನಿಯಲ್ಲಿದ್ದ. ಬದುಕುಳಿದ ಹೆಂಡತಿ ಇಂಡೊನೇಷ್ಯಾದಲ್ಲಿ. ಹೋಗಿ ಆಕೆಯ ಪಕ್ಕ ಕೂರಲು ಅವನ ವೀಸಾ ಬಿಡಲಿಲ್ಲ, ಹೋದರೆ ಮರಳುವಂತಿಲ್ಲ. ಈ ಷರತ್ತಿಗೆ ಹೊಣೆ ಯಾರೆಂದು ಯಾವ ಸಂಸದರ ಮತದಾಖಲೆ ತಿರುವಿ ಹಾಕಿದರೂ ಗೊತ್ತಾಗುವುದಿಲ್ಲ. ಅಲ್ಲಿ ಇರುವುದು ಒಬ್ಬ ಸಚಿವರ ಸಹಿ.

ಅದೇ ವರ್ಷದ ಆಗಸ್ಟ್‌ನಲ್ಲಿ, ನಡುಕಡಲಿನಲ್ಲಿ 433 ಜನರನ್ನು ಹತ್ತಿಸಿಕೊಂಡಿದ್ದ ನಾರ್ವೆಯ ಟಾಂಪಾ ಹಡಗಿಗೆ ಸರ್ಕಾರ ಬಂದರು ನಿರಾಕರಿಸಿತು. ಹಡಗನ್ನು ಬಲವಂತವಾಗಿ ಹೊರಗಟ್ಟುವ ಅಧಿಕಾರ ಕೊಡುವ ಮಸೂದೆಯನ್ನು 29ರ ಸಂಜೆ ದಿಢೀರನೆ ತಂದು ಒಂದೇ ರಾತ್ರಿಯಲ್ಲಿ ಮುಗಿಸಲು ಹೊರಟರು. ಕಿಮ್ ಬೀಜ್ಲಿ ನೇತೃತ್ವದ ಲೇಬರ್ ವಿರೋಧಿಸಿತು, ಮೇಲ್ಮನೆಯಾದ ಸೆನೆಟ್‌ನಲ್ಲಿ ಮಸೂದೆ ಬಿತ್ತು. ಸೆಪ್ಟೆಂಬರ್ 11 ಬಂತು, ಚುನಾವಣೆ ಹತ್ತಿರವಾಯಿತು. ಕೆಲವೇ ವಾರಗಳಲ್ಲಿ ನೌರು, ಮಾನುಸ್ ದ್ವೀಪಗಳಿಗೆ ಜನರನ್ನು ಸಾಗಿಸುವ ಕಾನೂನುಗಳ ಗಂಟಿಗೆ ಅದೇ ಲೇಬರ್ ಕೈಯೆತ್ತಿತು. ಒಂದೇ ತಿಂಗಳೊಳಗೆ ಬಿದ್ದ ಎರಡು ಮತಗಳು. ಇವುಗಳ ಸರಾಸರಿ ತೆಗೆದು ‘ಮಿಶ್ರ ನಿಲುವು’ ಎಂದು ಬರೆಯುವುದು, ಪಂಚಾಂಗದ ಮಳೆ ಲೆಕ್ಕ ನೋಡಿ ಬಿತ್ತನೆ ಮಾಡಿದಷ್ಟೇ ಉಪಯುಕ್ತ.

ಇದರ ಪಕ್ಕದಲ್ಲಿ 2006ರ ಆಗಸ್ಟ್ ಇಡಬೇಕು. ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಒಳ್ಳೆಯ ಪಾಠ ಅಲ್ಲಿದೆ. ಆ ವರ್ಷದ ಜನವರಿಯಲ್ಲಿ ಪಶ್ಚಿಮ ಪಪುವಾದ 43 ಜನ ದೋಣಿಯಲ್ಲಿ ಕೇಪ್ ಯಾರ್ಕ್ ತಲುಪಿದ್ದರು. ಮಾರ್ಚ್‌ನಲ್ಲಿ 42 ಜನರಿಗೆ ತಾತ್ಕಾಲಿಕ ವೀಸಾ ಸಿಕ್ಕಿತು. ಇಂಡೊನೇಷ್ಯಾ ಸಿಟ್ಟಾಗಿ ರಾಯಭಾರಿಯನ್ನು ವಾಪಸು ಕರೆಸಿಕೊಂಡಿತು. ಅದನ್ನು ಸಮಾಧಾನಪಡಿಸಲು ಹಾವರ್ಡ್, ದೋಣಿಯಲ್ಲಿ ಬಂದವರು ಮುಖ್ಯಭೂಮಿ ಮುಟ್ಟಿದ್ದರೂ ಅವರ ಅರ್ಜಿಯನ್ನು ಹೊರದೇಶದಲ್ಲೇ ವಿಚಾರಿಸುವ ಮಸೂದೆ ತಂದರು. ಆಗಸ್ಟ್ 10ರಂದು ಕೆಳಮನೆಯಲ್ಲಿ ಮತ. ಪೆಟ್ರೊ ಜಾರ್ಜಿಯು, ಜೂಡಿ ಮೊಯ್ಲನ್, ರಸೆಲ್ ಬ್ರಾಡ್‌ಬೆಂಟ್, ಈ ಮೂವರು ಲಿಬರಲ್ ಸಂಸದರು ಎದ್ದು ಆಚೆ ಹೋಗಿ ಕೂತರು. ಬ್ರೂಸ್ ಬೇರ್ಡ್ ಮತ ಹಾಕಲಿಲ್ಲ. ಸರ್ಕಾರಕ್ಕೆ ಬಹುಮತ ಗಟ್ಟಿಯಿದ್ದುದರಿಂದ ಮಸೂದೆ ಪಾಸಾಯಿತು. ಅಂದರೆ ದಾಖಲೆಯ ಪ್ರಕಾರ ಆ ಮೂರು ಮತಗಳಿಂದ ಏನೂ ಆಗಲಿಲ್ಲ.

ಆದದ್ದು ಸೆನೆಟ್‌ನಲ್ಲಿ, ಅದೂ ಮತವಿಲ್ಲದೆ. ಲಿಬರಲ್ ಸೆನೆಟರ್ ಜೂಡಿತ್ ಟ್ರೋತ್ ತಾನೂ ಅಡ್ಡಮತ ಹಾಕುವೆನೆಂದು ತಿಳಿಸಿದರು. ಅಲ್ಲಿ ಸರ್ಕಾರದ ಬಹುಮತ ನೂಲಿನ ಮೇಲೆ ನಿಂತಿತ್ತು. ಆಗಸ್ಟ್ 14ರಂದು ಹಾವರ್ಡ್ ಮಸೂದೆಯನ್ನೇ ಹಿಂದಕ್ಕೆ ತೆಗೆದುಕೊಂಡರು. ಮಸೂದೆಯನ್ನು ಕೊಂದ ಟ್ರೋತ್ ಅವರ ಆ ನಿರ್ಧಾರಕ್ಕೆ ಮತದಾಖಲೆಯಲ್ಲಿ ಒಂದು ಸಾಲೂ ಇಲ್ಲ. ಹಿಂದಿನ ವರ್ಷ ಜಾರ್ಜಿಯು ಮಕ್ಕಳ ಬಂಧನದ ವಿಷಯದಲ್ಲಿ ಖಾಸಗಿ ಮಸೂದೆಗಳನ್ನು ಸಿದ್ಧಪಡಿಸಿ ಪ್ರಧಾನಿಯ ಮೇಲೆ ಒತ್ತಡ ತಂದಾಗಲೂ ಹೀಗೇ ಆಗಿತ್ತು. ಮತದ ಹಂತ ಬರುವ ಮೊದಲೇ ಹಾವರ್ಡ್ ಮಣಿದು, ಮಕ್ಕಳಿರುವ ಕುಟುಂಬಗಳನ್ನು ಬಂಧನ ಕೇಂದ್ರದಿಂದ ಹೊರಗೆ ಇರಿಸಲು ಒಪ್ಪಿದ್ದರು.

ಬೆಲೆ ತೆತ್ತವರು ಯಾರೆಂದೂ ನೋಡಬೇಕು. 2006ರಲ್ಲೇ ಜಾರ್ಜಿಯು ಅವರ ಕೂಯಾಂಗ್ ಕ್ಷೇತ್ರದಲ್ಲಿ ಪಕ್ಷದ ಟಿಕೆಟ್‌ಗೆ ಜಾಶ್ ಫ್ರೈಡನ್‌ಬರ್ಗ್ ಎಂಬ ಯುವಕ ಸೆಡ್ಡು ಹೊಡೆದಿದ್ದರು, ಜಾರ್ಜಿಯು ಗೆದ್ದರು. 2010ರಲ್ಲಿ ಅವರು ನಿವೃತ್ತರಾದ ಮೇಲೆ ಫ್ರೈಡನ್‌ಬರ್ಗ್ ಅಲ್ಲಿಂದ ಗೆದ್ದು ಖಜಾನೆ ಸಚಿವರಾದರು, 2022ರಲ್ಲಿ ಪಕ್ಷೇತರ ಅಭ್ಯರ್ಥಿ ಮೋನಿಕ್ ರಯಾನ್ ಎದುರು ಸೋತರು. ಬ್ರಾಡ್‌ಬೆಂಟ್ ಬಹುಕಾಲ ಉಳಿದುಕೊಂಡರು. 2023ರಲ್ಲಿ ಟಿಕೆಟ್ ತಪ್ಪಿದಾಗ ಪಕ್ಷ ಬಿಟ್ಟು ಪಕ್ಷೇತರರ ಸಾಲಿಗೆ ಹೋದರು.

2006ರ ಮಸೂದೆಯನ್ನು ಲೇಬರ್ ಸಂಸದರು ಕಟುವಾಗಿ ಖಂಡಿಸಿದ್ದರು. ಹಾಗೆ ಮಾತಾಡಿದವರಲ್ಲಿ ಕ್ರಿಸ್ ಬೋವೆನ್ ಒಬ್ಬರು. 2012ರ ಅಕ್ಟೋಬರ್‌ನಲ್ಲಿ ಅದೇ ಬೋವೆನ್ ವಲಸೆ ಸಚಿವರಾಗಿ, ಮುಖ್ಯಭೂಮಿಯನ್ನೂ ‘ವಲಸೆ ವಲಯ’ದ ಲೆಕ್ಕದಿಂದ ಹೊರಗಿಡುವ ಮಸೂದೆ ಮಂಡಿಸಿದರು. 2013ರಲ್ಲಿ ಅದು ಕಾನೂನಾಯಿತು. ಏಳು ವರ್ಷದಲ್ಲಿ ಅದೇ ವಿಚಾರಕ್ಕೆ ಅದೇ ಪಕ್ಷದಿಂದ ಎರಡು ತದ್ವಿರುದ್ಧ ಮತ. ನಡುವೆ ಬದಲಾದದ್ದು ಕೂರುವ ಜಾಗ: ಆಗ ಎಡಕ್ಕಿದ್ದರು, ಈಗ ಬಲಕ್ಕೆ.

ಲೇಬರ್‌ಗೆ ಅನ್ಯಾಯವಾಗದಂತೆ ಒಂದು ಮಾತು ಹೇಳಬೇಕು. ಹೊರದೇಶದ ವಿಚಾರಣೆಯಲ್ಲಿ ಅವರು ಗಾಳಿ ಬಂದ ಕಡೆ ತಿರುಗಿದ್ದು ನಿಜ. ತಾತ್ಕಾಲಿಕ ವೀಸಾದ ವಿಷಯ ಹಾಗಲ್ಲ. 2008ರಲ್ಲಿ ರಡ್ ಸರ್ಕಾರದ ಸಚಿವ ಕ್ರಿಸ್ ಇವಾನ್ಸ್ ಟಿಪಿವಿ ರದ್ದು ಮಾಡಿದರು, ಇದೂ ನಿಯಮಾವಳಿಯ ಮೂಲಕವೇ. ಅಷ್ಟರಲ್ಲಿ ಸುಮಾರು 11,000 ಜನರಿಗೆ ಆ ವೀಸಾ ಸಿಕ್ಕಿತ್ತು. ಅವರಲ್ಲಿ ಬಹುಪಾಲು ಹೇಗೂ ಕೊನೆಗೆ ಶಾಶ್ವತ ವೀಸಾ ಪಡೆದಿದ್ದರು. ಅಂದರೆ ಜನರನ್ನು ವಾಪಸು ಕಳಿಸುವ ಉದ್ದೇಶವೂ ಈಡೇರಿರಲಿಲ್ಲ, ವರ್ಷಗಟ್ಟಲೆ ಅತಂತ್ರದಲ್ಲಿಟ್ಟದ್ದೇ ಬಂತು. ಅಂದಿನಿಂದ ಟಿಪಿವಿ ಮತಕ್ಕೆ ಬಂದ ದೊಡ್ಡ ಸಂದರ್ಭಗಳಲ್ಲಿ ಲೇಬರ್ ವಿರುದ್ಧವೇ ನಿಂತಿದೆ. ‘ಆಶ್ರಯ ನೀತಿ’ ಎಂದು ಒಂದೇ ಗಂಟು ಕಟ್ಟಿ ಅಂಕ ಹಾಕಿದರೆ ಈ ವ್ಯತ್ಯಾಸ ಮಾಯ. ವೀಸಾ ಬೇರೆ, ಬಂಧನ ಬೇರೆ, ಹೊರದೇಶಕ್ಕೆ ಸಾಗಿಸುವುದು ಬೇರೆ, ದೋಣಿ ತಿರುಗಿಸುವುದು ಇನ್ನೂ ಬೇರೆ.

ಮತದ ದಿಕ್ಕು ಒಂದೇ ಇದ್ದು ಕಾರಣ ತದ್ವಿರುದ್ಧವಿರುವ ಸ್ಥಿತಿಗೆ 2012ರ ಜೂನ್ ಸಾಕ್ಷಿ. ಮಲೇಷ್ಯಾಕ್ಕೆ ಆಶ್ರಯಾರ್ಥಿಗಳನ್ನು ಕಳಿಸುವ ಗಿಲಾರ್ಡ್ ಸರ್ಕಾರದ ಒಪ್ಪಂದವನ್ನು ಹಿಂದಿನ ವರ್ಷ ಹೈಕೋರ್ಟ್ ತಡೆದಿತ್ತು. (ಅಲ್ಲಿ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟಿನ ಸ್ಥಾನ.) ಅದನ್ನು ದಾಟಲು ಪಕ್ಷೇತರ ರಾಬ್ ಓಕ್‌ಶಾಟ್ ತಂದ ಮಸೂದೆ ಕೆಳಮನೆಯಲ್ಲಿ 74–72ರಲ್ಲಿ ಪಾಸಾಯಿತು. ಮರುದಿನ ಸೆನೆಟ್ ಅದನ್ನು 39–29ರಲ್ಲಿ ಬೀಳಿಸಿತು. ಬೀಳಿಸಿದವರು ಯಾರು? ಯಾರನ್ನೂ ಹೊರಗೆ ಕಳಿಸಲೇಬಾರದು ಎನ್ನುವ ಗ್ರೀನ್ಸ್, ಮತ್ತು ನೌರು ಬೇಕು, ಮಲೇಷ್ಯಾ ಬೇಡ ಎನ್ನುವ ಒಕ್ಕೂಟ, ಎರಡೂ ಒಂದೇ ಸಾಲಿನಲ್ಲಿ. ಆ ದಿನದ ಮತವನ್ನು ಅಂಕಕ್ಕೆ ಇಳಿಸಿದರೆ ಟೋನಿ ಅಬಾಟ್ ಪಕ್ಷದ ಸೆನೆಟರ್‌ಗಳೂ ಗ್ರೀನ್ಸ್ ಪಕ್ಷದ ಸಾರಾ ಹ್ಯಾನ್ಸನ್-ಯಂಗ್ ಅವರೂ ಆಶ್ರಯಾರ್ಥಿಗಳ ಗೆಳೆಯರಾಗುತ್ತಾರೆ. ಆಗಸ್ಟ್ ಹೊತ್ತಿಗೆ ತಜ್ಞರ ಸಮಿತಿಯ ವರದಿ ಹಿಡಿದು ಲೇಬರ್ ಮತ್ತು ಒಕ್ಕೂಟ ಸೇರಿ ನೌರು, ಮಾನುಸ್ ಎರಡನ್ನೂ ಮತ್ತೆ ತೆರೆದವು.

2013ರಲ್ಲಿ ಅಬಾಟ್ ಗೆದ್ದರು. ಹೊಸ ವಲಸೆ ಸಚಿವ ಸ್ಕಾಟ್ ಮಾರಿಸನ್ ಅಕ್ಟೋಬರ್‌ನಲ್ಲಿ ನಿಯಮಾವಳಿ ಮೂಲಕ ಟಿಪಿವಿ ವಾಪಸು ತಂದರು. ನಿಯಮಾವಳಿಗೆ ಪಾಸಾಗುವ ಅಗತ್ಯವಿಲ್ಲ, ಆದರೆ ಯಾವುದೇ ಒಂದು ಸದನ ಅದನ್ನು ಅನೂರ್ಜಿತಗೊಳಿಸಬಹುದು. ಡಿಸೆಂಬರ್ 2ರಂದು ಲೇಬರ್ ಮತ್ತು ಗ್ರೀನ್ಸ್ ಸೆನೆಟ್‌ನಲ್ಲಿ ಅದನ್ನೇ ಮಾಡಿದವು. ಒಮ್ಮೆ ಹಾಗೆ ಬಿದ್ದ ನಿಯಮವನ್ನು ಆರು ತಿಂಗಳು ಅದೇ ರೂಪದಲ್ಲಿ ಮತ್ತೆ ತರುವಂತಿಲ್ಲ. ಮಾರಿಸನ್ ಬೇರೆ ಬಾಗಿಲು ಹುಡುಕಿದರು: ತಾತ್ಕಾಲಿಕ ಆಗದಿದ್ದರೆ ಶಾಶ್ವತವೂ ಬೇಡ ಎಂದು ರಕ್ಷಣಾ ವೀಸಾಗಳ ಸಂಖ್ಯೆಗೇ ಮಿತಿ ಹಾಕಿ ನಿಲ್ಲಿಸಿದರು. 2014ರ ಜೂನ್‌ನಲ್ಲಿ ಹೈಕೋರ್ಟ್ ಅದನ್ನು ಅಸಿಂಧು ಎಂದಿತು. ಉಳಿದದ್ದು ಒಂದೇ ದಾರಿ, ಮಸೂದೆ. ಜುಲೈನಿಂದ ಸೆನೆಟ್ ಬದಲಾಗಿತ್ತು: 76ರಲ್ಲಿ ಒಕ್ಕೂಟಕ್ಕೆ 33, ಲೇಬರ್‌ಗೆ 25, ಗ್ರೀನ್ಸ್‌ಗೆ 10, ಸಣ್ಣಪುಟ್ಟವರು 8. ಲೇಬರ್, ಗ್ರೀನ್ಸ್ ಎದುರಿದ್ದಾಗ ಸರ್ಕಾರಕ್ಕೆ ಆ ಎಂಟರಲ್ಲಿ ಆರು ಬೇಕು.

ಆ ಮಸೂದೆ ಬರೀ ವೀಸಾದ್ದಲ್ಲ. ಏಳು ಅನುಸೂಚಿಗಳಲ್ಲಿ ಏಳು ಬಗೆಯ ವಿಷಯ: ನಡುಕಡಲಲ್ಲಿ ದೋಣಿ ಹಿಡಿಯುವ ಅಧಿಕಾರ, ಟಿಪಿವಿ, ಅರ್ಜಿಗಳನ್ನು ಬೇಗ ಮುಗಿಸಿ ಮೇಲ್ಮನವಿ ಮೊಟಕುಗೊಳಿಸುವ ‘ಫಾಸ್ಟ್ ಟ್ರ್ಯಾಕ್’, ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಕೂಸಿನ ಸ್ಥಾನಮಾನ. ಜೊತೆಗೆ ವಲಸೆ ಕಾಯ್ದೆಯಲ್ಲಿದ್ದ ಅಂತರರಾಷ್ಟ್ರೀಯ ನಿರಾಶ್ರಿತರ ಒಡಂಬಡಿಕೆಯ ಉಲ್ಲೇಖಗಳಿಗೂ ಕತ್ತರಿ. ಸುಮಾರು 30,000 ಜನ ವರ್ಷಗಳಿಂದ ಯಾವ ತೀರ್ಮಾನವೂ ಇಲ್ಲದೆ ಕಾಯುತ್ತಿದ್ದರು. ಸಣ್ಣ ಪಕ್ಷಗಳನ್ನು ಒಲಿಸಲು ಸರ್ಕಾರ ಕೊಟ್ಟದ್ದೇನು? ಕ್ಲೈವ್ ಪಾಮರ್ ಪಕ್ಷಕ್ಕಾಗಿ ‘ಸೇಫ್ ಹೇವನ್ ಎಂಟರ್‌ಪ್ರೈಸ್’ ಎಂಬ ಐದು ವರ್ಷದ ವೀಸಾ. ಹಳ್ಳಿಗಾಡಿನ ಕಡೆ ದುಡಿದರೆ ಅಥವಾ ಓದಿದರೆ ಮುಂದೆ ಬೇರೆ ವೀಸಾಕ್ಕೆ ಅರ್ಜಿ ಹಾಕಬಹುದು. ಪಕ್ಷೇತರ ಸೆನೆಟರ್ ನಿಕ್ ಜೆನೊಫೋನ್ ಅವರಿಗಾಗಿ ವಾರ್ಷಿಕ ನಿರಾಶ್ರಿತರ ಪ್ರಮಾಣವನ್ನು ಹಂತಹಂತವಾಗಿ 13,750ರಿಂದ 18,750ಕ್ಕೆ ಏರಿಸುವ ಮಾತು. ಕ್ರಿಸ್‌ಮಸ್ ದ್ವೀಪದಲ್ಲಿ ಬಂಧನದಲ್ಲಿದ್ದ ಮಕ್ಕಳನ್ನು ಬಿಡುವ ಮಾತು.

ಡಿಸೆಂಬರ್ 4ರ ರಾತ್ರಿ, ವರ್ಷದ ಕೊನೆಯ ಅಧಿವೇಶನ. ಎಲ್ಲರ ಕಣ್ಣು ರಿಕಿ ಮ್ಯೂರ್ ಮೇಲೆ. ವಿಕ್ಟೋರಿಯಾದ ಮರದ ಗಿರಣಿಯಲ್ಲಿ ದುಡಿದಿದ್ದ ಆತ, ಮೋಟಾರು ಪ್ರಿಯರ ಪುಟ್ಟ ಪಕ್ಷದಿಂದ ಬರೀ 0.51 ಶೇಕಡಾ ಮೊದಲ ಪ್ರಾಶಸ್ತ್ಯದ ಮತ ಪಡೆದು, ಉಳಿದವರ ಪ್ರಾಶಸ್ತ್ಯ ಹರಿದುಬಂದು ಸೆನೆಟರ್ ಆದವರು. ತಡವರಿಸುತ್ತಲೇ ಮಾತಾಡಿದರು. ಕ್ರಿಸ್‌ಮಸ್ ದ್ವೀಪದ ಜನರ ಜೊತೆ ಮಾತಾಡಿದ್ದಾಗಿಯೂ, ಕೆಟ್ಟದ್ದು ಮತ್ತು ಅದಕ್ಕಿಂತ ಕೆಟ್ಟದ್ದರ ನಡುವೆ ಒಂದನ್ನು ಆರಿಸಬೇಕಾಗಿ ಬಂದಿದೆಯೆಂದೂ ಹೇಳಿ, ಸರ್ಕಾರದ ಪರ ಹೋದರು. 34–32. ಬೆಳಗ್ಗೆ ಕೆಳಮನೆ ಸೇರಿ ಸೆನೆಟ್‌ನ ತಿದ್ದುಪಡಿಗಳನ್ನು ಒಪ್ಪಿತು. ಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಂಡು ಮತ ಕಸಿದರು ಎಂದು ವಿರೋಧಿಗಳು ದೂರಿದರು. ಆ ದೂರಿನಲ್ಲಿ ಹುರುಳಿತ್ತು. ಮಕ್ಕಳನ್ನು ಬಿಡಲು ಸಚಿವರಿಗೆ ಹೊಸ ಕಾನೂನು ಬೇಕಿರಲಿಲ್ಲ, ಮನಸ್ಸು ಮಾಡಿದ್ದರೆ ಸಾಕಿತ್ತು.

ಈ ಒಂದು ಮತಕ್ಕೆ ಏನು ಅಂಕ ಕೊಡುತ್ತೀರಿ? ಮ್ಯೂರ್ ಟಿಪಿವಿ ಪರ, ಹೌದು. ಮೇಲ್ಮನವಿ ಮೊಟಕು ಮಾಡುವುದರ ಪರ, ಹೌದು. ಆದರೆ ಮಕ್ಕಳ ಬಿಡುಗಡೆಯ ಪರವೂ ಅದೇ ಮತ. ಏಳು ವಿಷಯಕ್ಕೆ ಒಂದೇ ‘ಹೌದು’ ಕೇಳಿದಾಗ, ಉತ್ತರ ಕೊಟ್ಟವರಿಗಿಂತ ಪ್ರಶ್ನೆ ಕಟ್ಟಿದವರನ್ನು ಹೆಚ್ಚು ವಿಚಾರಿಸಬೇಕು ಎಂದು ನನಗೆ ಅನಿಸುತ್ತದೆ.

ಐದು ವರ್ಷದ ನಂತರ ಇದೇ ಬಗೆಯ ಇಕ್ಕಟ್ಟು ಟ್ಯಾಸ್ಮೇನಿಯಾದ ಸೆನೆಟರ್ ಜಾಕಿ ಲ್ಯಾಂಬಿಗೆ ಬಂತು. 2019ರ ಫೆಬ್ರುವರಿಯಲ್ಲಿ, ನೌರು ಮತ್ತು ಮಾನುಸ್‌ನಲ್ಲಿ ಕಾಯಿಲೆ ಬಿದ್ದವರನ್ನು ವೈದ್ಯರ ಶಿಫಾರಸಿನ ಮೇಲೆ ಆಸ್ಟ್ರೇಲಿಯಾಕ್ಕೆ ಕರೆತರುವ ‘ಮೆಡೆವ್ಯಾಕ್’ ಮಸೂದೆ ಸರ್ಕಾರದ ಇಚ್ಛೆಗೆ ವಿರುದ್ಧವಾಗಿ ಕೆಳಮನೆಯಲ್ಲಿ 75–74ರಲ್ಲಿ ಪಾಸಾಗಿತ್ತು. ವೈದ್ಯೆ, ಪಕ್ಷೇತರ ಸಂಸದೆ ಕೆರಿನ್ ಫೆಲ್ಪ್ಸ್ ಅದರ ಹಿಂದಿದ್ದರು. ಸರ್ಕಾರಕ್ಕೆ ಕೆಳಮನೆಯಲ್ಲಿ ಅಂಥ ಸೋಲು ದಶಕಗಳಲ್ಲಿ ಆಗಿರಲಿಲ್ಲ. ಆ ಕಾನೂನಿನಡಿ 192 ಜನ ಬಂದರು. ಅಷ್ಟರಲ್ಲಿ ಪ್ರಧಾನಿಯಾಗಿ ಮೇ ಚುನಾವಣೆ ಗೆದ್ದ ಮಾರಿಸನ್ ಡಿಸೆಂಬರ್ 4ರಂದು ಅದನ್ನು ಸೆನೆಟ್‌ನಲ್ಲಿ 37–35ರಲ್ಲಿ ರದ್ದು ಮಾಡಿಸಿದರು, ಲ್ಯಾಂಬಿಯ ಮತದಿಂದ. ಆಕೆ ಕಣ್ಣೀರಿಡುತ್ತ, ಸರ್ಕಾರ ಒಂದು ಷರತ್ತಿಗೆ ಒಪ್ಪಿದೆ, ದೇಶದ ಭದ್ರತೆಯ ಕಾರಣದಿಂದ ಅದು ಏನೆಂದು ಹೇಳಲಾರೆ ಎಂದರು. ಷರತ್ತು ಏನೂ ಇಲ್ಲ ಎಂದು ಸರ್ಕಾರ ಹೇಳಿತು. ಎರಡು ವರ್ಷ ಲ್ಯಾಂಬಿ ಎಲ್ಲರಿಂದಲೂ ಬೈಸಿಕೊಂಡರು. 2022ರ ಮಾರ್ಚ್‌ನಲ್ಲಿ ಸರ್ಕಾರ, ವರ್ಷಕ್ಕೆ 150 ಜನರಂತೆ ಮೂರು ವರ್ಷ ನಿರಾಶ್ರಿತರನ್ನು ಕರೆದುಕೊಳ್ಳುವ ನ್ಯೂಜಿಲೆಂಡ್‌ನ ಹಳೆಯ ಕೊಡುಗೆಯನ್ನು ಒಪ್ಪಿಕೊಂಡಿತು. ತಾನು ಅಂದು ಕೇಳಿದ್ದು ಇದೇ ಎಂದು ಲ್ಯಾಂಬಿ ಆಗ ಬಾಯಿಬಿಟ್ಟರು. ನಡುವಿನ ಎರಡು ವರ್ಷ ದ್ವೀಪದಲ್ಲಿ ಕಾಯಿಲೆಯಲ್ಲಿ ಉಳಿದವರ ಪಾಲಿಗೆ ಈ ವ್ಯಾಪಾರ ಲಾಭದ್ದೇ ಎಂದು ಕೇಳಬಹುದು, ಕೇಳಲೇಬೇಕು. ಆದರೆ 2019ರ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಬಿದ್ದ ಗುರುತು ಈ ಪ್ರಶ್ನೆಯನ್ನು ಎತ್ತುವುದೂ ಇಲ್ಲ, ಉತ್ತರಿಸುವುದೂ ಇಲ್ಲ.

ಮತವೇ ಇಲ್ಲದ ಇನ್ನೊಂದು ದೊಡ್ಡ ಜಾಗವಿದೆ, ಸಚಿವರ ವೈಯಕ್ತಿಕ ಅಧಿಕಾರ. ಕ್ವೀನ್ಸ್‌ಲ್ಯಾಂಡಿನ ಬಿಲೋಎಲಾ ಎಂಬ ಪುಟ್ಟ ಊರಲ್ಲಿದ್ದ ಶ್ರೀಲಂಕಾ ತಮಿಳು ಕುಟುಂಬವೊಂದನ್ನು 2018ರ ಮಾರ್ಚ್‌ನಲ್ಲಿ ನಸುಕಿಗೇ ಎತ್ತಿಕೊಂಡು ಹೋದರು. ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಎರಡು ಹೆಣ್ಣುಮಕ್ಕಳು. ಊರಿನ ಜನ, ಕನ್ಸರ್ವೇಟಿವ್ ಮತದಾರರೇ ಹೆಚ್ಚಿರುವ ಊರಿನ ಜನ, ನಾಲ್ಕು ವರ್ಷ ಅವರಿಗಾಗಿ ಓಡಾಡಿದರು. ಒಕ್ಕೂಟದ ಸಚಿವರು ಅವರನ್ನು ಊರಿಗೆ ಮರಳಲು ಬಿಡಲಿಲ್ಲ. 2022ರಲ್ಲಿ ಸರ್ಕಾರ ಬದಲಾಗಿ, ಜೂನ್‌ನಲ್ಲಿ ಕುಟುಂಬ ಊರಿಗೆ ಮರಳಿತು, ಆಗಸ್ಟ್‌ನಲ್ಲಿ ಶಾಶ್ವತ ವೀಸಾ ಬಂತು. ಕಾನೂನಿನ ಒಂದಕ್ಷರವೂ ಬದಲಾಗಲಿಲ್ಲ. ಅವರ ವಿಷಯದಲ್ಲಿ ಯಾವ ಗಂಟೆಯೂ ಬಾರಿಸಲಿಲ್ಲ.

2023ರ ಫೆಬ್ರುವರಿಯಲ್ಲಿ ಅಲ್ಬನೀಸಿ ಸರ್ಕಾರ, ಹಳೆಯ ತಾತ್ಕಾಲಿಕ ವೀಸಾಗಳಲ್ಲಿ ಸಿಕ್ಕಿಕೊಂಡಿದ್ದ ಸುಮಾರು 19,000 ಜನರಿಗೆ ಶಾಶ್ವತ ನೆಲೆಯ ದಾರಿ ತೆರೆಯಿತು. ಬಳಸಿದ್ದು 2008ರಲ್ಲೇ ರೂಪಿಸಿದ್ದ ‘ರೆಸಲ್ಯೂಷನ್ ಆಫ್ ಸ್ಟೇಟಸ್’ ವೀಸಾ, ಮತ್ತೆ ನಿಯಮಾವಳಿಯ ಮಾರ್ಗ. ಫಾಸ್ಟ್ ಟ್ರ್ಯಾಕ್‌ನಲ್ಲಿ ಅರ್ಜಿ ತಿರಸ್ಕೃತವಾದ ಸಾವಿರಾರು ಜನ ಮಾತ್ರ ಹೊರಗೇ ಉಳಿದರು. ಆ ವ್ಯವಸ್ಥೆ ನ್ಯಾಯಯುತವಲ್ಲ ಎಂದು ಲೇಬರ್ ಪಕ್ಷವೇ ಹೇಳಿಕೊಂಡು ಬಂದಿತ್ತು. ಅದರ ತೀರ್ಪಿಗೆ ಬಲಿಯಾದವರನ್ನು ಒಳಗೆ ಬಿಡಲು ಮಾತ್ರ ಒಪ್ಪಲಿಲ್ಲ. ಅದೇ ವರ್ಷ ಶ್ರೀಲಂಕಾ ಮತ್ತು ಇರಾನ್ ಮೂಲದ 22 ಹೆಂಗಸರು ಮೆಲ್ಬರ್ನ್‌ನಿಂದ ಕ್ಯಾನ್‌ಬೆರಾಕ್ಕೆ ಸುಮಾರು 640 ಕಿಲೋಮೀಟರ್ ನಡೆದುಕೊಂಡು ಬಂದು ಸಂಸತ್ತಿನ ಮುಂದೆ ಕೂತರು.

ಹಾಗಾದರೆ ಮತದಾಖಲೆ ಹೋಲಿಸುವುದು ವ್ಯರ್ಥವೇ? ಅಲ್ಲ, ಓದುವ ಕ್ರಮ ಬೇರೆಯಾಗಬೇಕು. ಒಟ್ಟು ಅಂಕ ಬದಿಗಿಟ್ಟು ಮೂರು ಕಡೆ ನೋಡಿದರೆ ಸಾಕು. ಪಕ್ಷದ ಸಾಲು ಬಿಟ್ಟು ಎದ್ದವರು ಯಾರು. ಸರ್ಕಾರದಲ್ಲಿದ್ದಾಗ ಮತ್ತು ವಿರೋಧದಲ್ಲಿದ್ದಾಗ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟವರು ಯಾರು. ಇಲ್ಲಿ ಗ್ರೀನ್ಸ್‌ಗೆ ಹೆಚ್ಚು ಅಂಕ, ಆದರೆ ಅವರು ಸ್ವತಂತ್ರವಾಗಿ ಸರ್ಕಾರ ನಡೆಸಿ ಪರೀಕ್ಷೆಗೆ ಒಳಗಾಗಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ಮೂರನೆಯದು, ನಿಯಮಾವಳಿ ಅನೂರ್ಜಿತಗೊಳಿಸುವ ಅವಕಾಶ ಬಂದಾಗ ಅದನ್ನು ಯಾರು ಬಳಸಿದರು, ಯಾರು ಸುಮ್ಮನಿದ್ದರು.

ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರಿಗೂ ಇದು ದೂರದ ವಿಷಯವಲ್ಲ. ಅಲ್ಲಿ ಮತದಾನ ಕಡ್ಡಾಯ, ಸೆನೆಟ್‌ಗೂ ಸೇರಿ. ಅವರಲ್ಲಿ ಅನೇಕರು ಬಂದದ್ದು ಅಂಕ ಎಣಿಸಿ ಕೊಡುವ ಕೌಶಲದ ವೀಸಾದಲ್ಲಿ. ಸಾಲಿನಲ್ಲಿ ನಿಂತು ಬಂದವರು ನಾವು, ಸಾಲು ಮುರಿದು ಬಂದವರು ಅವರು ಎಂಬ ಮಾತು ವಲಸಿಗರ ನಡುವೆಯೇ ಸುಲಭವಾಗಿ ಚಲಾವಣೆಯಾಗುತ್ತದೆ. ಆಶ್ರಯ ಕೇಳುವವರಿಗೆ ಅಂಥ ಸಾಲೊಂದು ಇರುವುದೇ ಇಲ್ಲ ಎಂಬುದನ್ನು ಅಲ್ಲಿನ ಎರಡೂ ದೊಡ್ಡ ಪಕ್ಷಗಳು ಮತದಾರರಿಗೆ ಬಿಡಿಸಿ ಹೇಳುವ ಗೋಜಿಗೆ ಹೋದದ್ದು ಕಡಿಮೆ.

2023ರ ನವೆಂಬರ್‌ನಲ್ಲಿ, ಗಡೀಪಾರು ಸಾಧ್ಯವಿಲ್ಲದವರನ್ನು ಅನಿರ್ದಿಷ್ಟ ಕಾಲ ಬಂಧನದಲ್ಲಿಡುವಂತಿಲ್ಲ ಎಂದು ಹೈಕೋರ್ಟ್ ಹೇಳಿತು. ಅಲ್ಲಿಂದೀಚೆಗೆ ಲೇಬರ್ ಮತ್ತೆ ಕಠಿಣ ದಾರಿ ಹಿಡಿದಿದೆ. 2024ರ ನವೆಂಬರ್ 28ರಂದು, ಮೂವತ್ತಕ್ಕೂ ಹೆಚ್ಚು ಮಸೂದೆಗಳನ್ನು ಸೆನೆಟ್‌ನಲ್ಲಿ ಒಂದೇ ದಿನ ತಳ್ಳಿಸಿದ ಗದ್ದಲದಲ್ಲಿ, ಜನರನ್ನು ಮೂರನೇ ದೇಶಗಳಿಗೆ ಕಳಿಸುವ ಅಧಿಕಾರ ಹಿಗ್ಗಿಸುವ ವಲಸೆ ಮಸೂದೆಗಳೂ ಒಕ್ಕೂಟದ ಬೆಂಬಲದಿಂದ ಪಾಸಾದವು. ಆಗ ಸೆನೆಟ್‌ನಲ್ಲಿ ಲೇಬರ್ ಮತ್ತು ಗ್ರೀನ್ಸ್ ಕೂಡಿದರೂ ಬಹುಮತ ಆಗುತ್ತಿರಲಿಲ್ಲ ಎಂಬ ಸಬೂಬಿಗೆ ಜಾಗವಿತ್ತು. 2025ರ ಮೇ ಚುನಾವಣೆಯ ನಂತರ ಆ ಸಬೂಬು ಉಳಿದಿಲ್ಲ: ಎರಡೂ ಸೇರಿದರೆ 76ರಲ್ಲಿ 39. ಲೇಬರ್ ಬಲಕ್ಕೆ ತಿರುಗಿದರೂ ಮಸೂದೆ ಪಾಸಾಗುತ್ತದೆ, ಎಡಕ್ಕೆ ತಿರುಗಿದರೂ ಆಗುತ್ತದೆ. ಯಾರ ಜೊತೆ ಕೂರುವುದು ಎಂಬುದು ಈಗ ಪೂರ್ತಿ ಆಯ್ಕೆಯ ವಿಷಯ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ನೌರುಗೆ ಗಡೀಪಾರಾಗುವವರಿಗೆ ತಮ್ಮ ವಾದ ಹೇಳಿಕೊಳ್ಳುವ ಹಕ್ಕನ್ನು ಕಸಿಯುವ ಮಸೂದೆ ಬಂದಾಗ ಆ ಆಯ್ಕೆ ಎದುರಾಯಿತು. ಅದನ್ನು ಲೇಬರ್ ಪಾಸು ಮಾಡಿಸಿಕೊಂಡದ್ದು ಒಕ್ಕೂಟದ ಮತಗಳಿಂದ.